ಒಂದೆಡೆ ಕರಕಲು, ಒಂದೆಡೆ ಹಸಿ

ತುಳುನಾಡಿನ ಅಡುಗೆಮನೆಗಳಲ್ಲಿ ಗೆಂಡದಡ್ಯೆ ಎಂಬ ತಿನಿಸೊಂದುಂಟು. ಬಾಳೆಯೆಲೆ ಹಾಸಿದ ಪಾತ್ರೆಗೆ ಅಕ್ಕಿಯ ಹಿಟ್ಟನ್ನು ಹೊಯ್ದು, ಮುಚ್ಚಳವಿಟ್ಟು, ಕೆಳಗೆ ಕೆಂಡವನ್ನು ಹರಡುವುದಲ್ಲದೆ ಮುಚ್ಚಳದ ಮೇಲೆಯೂ ಕೆಂಡವನ್ನು ಹೇರಿ ಅದನ್ನು ಬೇಯಿಸುವರು. ಹೆಸರಿನಲ್ಲಿಯೇ ಗುಟ್ಟು ಅಡಗಿದೆ, ಗೆಂಡವೆಂದರೆ ಕೆಂಡ. ಕೆಳಗಿನ ಕೆಂಡವೊಂದೇ ಇದ್ದಲ್ಲಿ ತಳವು ಕರಿಕಾಗುವುದು, ಮೇಲ್ಭಾಗವು ಹಸಿಯಾಗಿ ಉಳಿಯುವುದು. ಎರಡು ಕಡೆಗಳಿಂದಲೂ ಶಾಖ ಬಂದರೆ ಮಾತ್ರ ಹಿಟ್ಟು ಹದವಾಗಿ ಬೇಯುವುದೆಂಬುದನ್ನು ನಮ್ಮ ಹಿರಿಯ ಗೃಹಿಣಿಯರು ಯಾವ ಉಷ್ಣಶಾಸ್ತ್ರದ ಗ್ರಂಥವನ್ನೂ ಓದದೆ ಅರಿತಿದ್ದರು. ಕೆಂಡವನ್ನು ಎಷ್ಟು ಹರಡಬೇಕು, ಎಲ್ಲಿ ತೆಳುವಾಗಿಸಬೇಕು ಎಂಬುದನ್ನು ಅವರ ಕಣ್ಣೇ ಅಳೆಯುತ್ತಿತ್ತು.

ಇಂದು ಪುತ್ತೂರು, ಸುಳ್ಯ, ಕಡಬಗಳ ಅನೇಕ ಮನೆಗಳಲ್ಲಿ ಆ ಪಾತ್ರೆಯ ಸ್ಥಾನಕ್ಕೆ ವಿದ್ಯುತ್ ಓವನ್ ಬಂದಿದೆ. ಮೇಲೊಂದು ಜೋಡಿ, ಕೆಳಗೊಂದು ಜೋಡಿ ತಾಪದಂಡಗಳು. ನಡುವೆ ಒಂದು ಜಾಲರಿ. ಎದುರಿಗೆ ಗಾಜಿನ ಬಾಗಿಲು. ಕೆಂಡದ ಕೆಲಸವನ್ನು ದಂಡಗಳು ಮಾಡುವುವು. ಹುಟ್ಟುಹಬ್ಬದ ಕೇಕು, ಬಿಸ್ಕತ್ತುಗಳನ್ನು ಮನೆಯಲ್ಲಿಯೇ ಮಾಡಿ, ಅದರಿಂದ ಸಂಸಾರಕ್ಕೆ ನಾಲ್ಕು ಕಾಸು ಕೂಡಿಸುವ ಮಹಿಳೆಯರೂ ಇರುವರು. ಆದರೆ ಓವನ್ನಿನೊಳಗೆ ಇಟ್ಟ ಕೇಕು ಎಡಗಡೆ ಕಪ್ಪಾಗಿ, ಬಲಗಡೆ ಬಿಳಿಚಿ, ನಡುವೆ ಹಸಿಯಾಗಿ ಹೊರಬಂದರೆ ಕೊಟ್ಟ ಮಾತು ತಪ್ಪುವುದು. ಹಿಟ್ಟು, ಬೆಣ್ಣೆ, ಸಕ್ಕರೆಗಳೆಲ್ಲ ನಷ್ಟ. ಆಗ ಮನೆಯವರು ಮೊದಲು ಆಡುವ ಮಾತು, "ಕೈಗುಣ ಸರಿಯಿಲ್ಲ" ಎಂಬುದು. ಎರಡನೆಯದು, "ಯಂತ್ರ ಕೆಟ್ಟಿತು, ಹೊಸದನ್ನು ತರೋಣ" ಎಂಬುದು. ಎರಡೂ ಪರೀಕ್ಷೆಯಿಲ್ಲದೆ ಕೊಟ್ಟ ತೀರ್ಪುಗಳು. ಕಾಲೇಜಿನ ಮೊದಲ ವರ್ಷದ ಭೌತಶಾಸ್ತ್ರವನ್ನು ಬಲ್ಲ ವಿದ್ಯಾರ್ಥಿಯೊಬ್ಬನು ಅಥವಾ ವಿದ್ಯಾರ್ಥಿನಿಯೊಬ್ಬಳು ಒಂದು ಕಟ್ಟು ರೊಟ್ಟಿ, ಒಂದು ಉಷ್ಣಮಾಪಕ ಇವುಗಳ ನೆರವಿನಿಂದ ಒಂದೇ ಸಂಜೆಯಲ್ಲಿ ನಿಜವಾದ ಕಾರಣವನ್ನು ಕಂಡುಹಿಡಿಯಬಹುದು. ಅದು ಹೇಗೆಂಬುದನ್ನು ಈಗ ನೋಡೋಣ.

ಶಾಖವು ಬರುವ ಮೂರು ಹಾದಿಗಳು

ಓವನ್ನಿನ ಒಳಗೆ ಕೇಕಿಗೆ ಶಾಖವು ಮೂರು ಹಾದಿಗಳಿಂದ ಬರುತ್ತದೆ. ಮೊದಲನೆಯದು ವಿಕಿರಣ. ತಾಪದಂಡವೆಂದರೆ ಉಕ್ಕಿನ ಕೊಳವೆ; ಅದರ ನಡುವೆ ನಿಕ್ರೋಮ್ ತಂತಿಯ ಸುರುಳಿ; ತಂತಿಗೂ ಕೊಳವೆಗೂ ನಡುವೆ ಒತ್ತಿ ತುಂಬಿದ ಮೆಗ್ನೀಷಿಯಂ ಆಕ್ಸೈಡಿನ ಪುಡಿ. ನಿಕ್ಕಲ್ ಮತ್ತು ಕ್ರೋಮಿಯಂಗಳ ಈ ಮಿಶ್ರಲೋಹಕ್ಕೆ ಅಮೆರಿಕದ ಆಲ್ಬರ್ಟ್ ಮಾರ್ಷ್ ೧೯೦೬ರಲ್ಲಿ ಹಕ್ಕುಪತ್ರವನ್ನು ಪಡೆದನು. ಕೆಂಪಗೆ ಕಾದರೂ ಬೇಗನೆ ತುಕ್ಕು ಹಿಡಿದು ಸವೆಯದ ಈ ತಂತಿ ದೊರೆತ ಮೇಲೆಯೇ ವಿದ್ಯುತ್ ಒಲೆ, ಇಸ್ತ್ರಿಪೆಟ್ಟಿಗೆಗಳು ಮನೆಮನೆಗೆ ಬರುವಂತಾಯಿತು.

ಕಾದ ವಸ್ತುವು ಹೊರಸೂಸುವ ವಿಕಿರಣವು ಅದರ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಪಾತವಾಗಿರುವುದೆಂದು ಸ್ಟೆಫಾನ್-ಬೋಲ್ಟ್ಸ್‌ಮನ್ ನಿಯಮವು ಹೇಳುವುದು. ದಂಡವು ೬೦೦ ಡಿಗ್ರಿ ಸೆಲ್ಸಿಯಸ್, ಓವನ್ನಿನ ಗೋಡೆ ೨೦೦ ಡಿಗ್ರಿ ಸೆಲ್ಸಿಯಸ್ ಇವೆಯೆಂದು ಎಣಿಸೋಣ. ನಿರಪೇಕ್ಷ ಮಾನದಲ್ಲಿ ಇವು ೮೭೩ ಮತ್ತು ೪೭೩ ಕೆಲ್ವಿನ್. ಒಂದನ್ನು ಇನ್ನೊಂದರಿಂದ ಭಾಗಿಸಿ ನಾಲ್ಕನೆಯ ಘಾತಕ್ಕೆ ಏರಿಸಿದರೆ ಸುಮಾರು ೧೧.೬ ಬರುವುದು. ಎಂದರೆ, ಮೇಲ್ಮೈಯ ಗುಣವು ಒಂದೇ ಆಗಿದ್ದಲ್ಲಿ, ಒಂದು ಚದರ ಅಂಗುಲದ ದಂಡವು ಒಂದು ಚದರ ಅಂಗುಲದ ಗೋಡೆಗಿಂತ ಸುಮಾರು ಹನ್ನೆರಡು ಪಾಲು ಹೆಚ್ಚು ವಿಕಿರಣವನ್ನು ಚೆಲ್ಲುವುದು. ದಂಡಕ್ಕೆ ಎದುರಾಗಿ, ಹತ್ತಿರವಾಗಿ ಇರುವ ಭಾಗವು ಬೇಗನೆ ಕಪ್ಪಾಗುವುದರಲ್ಲಿ ಆಶ್ಚರ್ಯವೇನು?

ಎರಡನೆಯ ಹಾದಿ ಸಂವಹನ. ಕಾದ ಗಾಳಿಯು ಹಗುರಾಗಿ ಮೇಲಕ್ಕೇರುವುದು. ೨೦೦ ಡಿಗ್ರಿಯ ಗಾಳಿಯ ಸಾಂದ್ರತೆಯು ೩೦ ಡಿಗ್ರಿಯ ಗಾಳಿಯ ಸಾಂದ್ರತೆಯ ಶೇಕಡಾ ೬೪ರಷ್ಟು ಮಾತ್ರ. ಆದಕಾರಣ ಬೀಸಣಿಗೆಯಿಲ್ಲದ ಓವನ್ನಿನಲ್ಲಿ ಮೇಲಿನ ಪದರವು ಕೆಳಗಿನದಕ್ಕಿಂತ ಬಿಸಿಯಾಗಿರುವುದು ಸ್ವಾಭಾವಿಕ. ಬೀಸಣಿಗೆಯಿದ್ದರೆ ಈ ಪದರಗಳು ಕಲಕಿಹೋಗಿ ಅಂತರವು ಕುಗ್ಗುವುದು.

ಮೂರನೆಯದು ವಹನ. ಬಿಸಿ ತಟ್ಟೆಯಿಂದ ಹಿಟ್ಟಿಗೆ, ಹಿಟ್ಟಿನ ಹೊರಭಾಗದಿಂದ ಒಳಭಾಗಕ್ಕೆ ಶಾಖವು ಸಾಗುವುದು ಈ ಹಾದಿಯಿಂದ. ಹಿಟ್ಟು ಶಾಖದ ಮಂದವಾಹಕ. ವಹನದಿಂದ ಶಾಖವು ಒಳಗೆ ತಲಪಲು ಬೇಕಾಗುವ ಕಾಲವು ದಪ್ಪದ ವರ್ಗಕ್ಕೆ ಅನುಪಾತವಾಗಿರುವುದು. ದಪ್ಪ ಎರಡರಷ್ಟಾದರೆ ಕಾಲವು ಹೆಚ್ಚುಕಡಮೆ ನಾಲ್ಕರಷ್ಟು. ಮೇಲಾಗಿ, ಒಳಗಿನ ನೀರು ಆರುವ ತನಕ ಕೇಕಿನ ಒಳಭಾಗದ ಉಷ್ಣತೆಯು ೧೦೦ ಡಿಗ್ರಿಯನ್ನು ದಾಟದು. ಹೊರಮೈಯಾದರೋ ಬೇಗನೆ ಒಣಗಿ ೧೪೦ ಡಿಗ್ರಿಯನ್ನು ಮೀರುವುದು. ಆಗ ಹಿಟ್ಟಿನ ಸಕ್ಕರೆಗೂ ಪ್ರೋಟೀನಿನ ಅಂಶಗಳಿಗೂ ನಡುವೆ ಕ್ರಿಯೆಯು ಚುರುಕಾಗಿ ನಡೆದು ಕಂದುಬಣ್ಣವೂ ಪರಿಮಳವೂ ಹುಟ್ಟುವುವು. ೧೯೧೨ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ರಸಾಯನವಿಜ್ಞಾನಿ ಲೂಯಿ ಕಮಿಲ್ ಮೈಯಾರನ ಹೆಸರನ್ನೇ ಈ ಕ್ರಿಯೆಗೆ ಇಟ್ಟಿದ್ದಾರೆ. ಕಂದುಬಣ್ಣವು ಹೀಗೆ ಉಷ್ಣತೆಯನ್ನು ತಾನಾಗಿಯೇ ಬರೆದಿಡುವ ಒಂದು ಲೇಖನಿಯಾಯಿತು. ನಮ್ಮ ಪರೀಕ್ಷೆಯು ಈ ಲೇಖನಿಯನ್ನೇ ಅವಲಂಬಿಸಿದೆ.

ರೊಟ್ಟಿಯ ಭೂಪಟ

ಪೇಟೆಯ ಬೇಕರಿಯಿಂದ ಒಂದು ಕಟ್ಟು ಬಿಳಿಯ ರೊಟ್ಟಿಯನ್ನು ತನ್ನಿರಿ. ಒಂದೇ ದಪ್ಪದ ಹೋಳುಗಳಿಂದ ಸುಮಾರು ಐದು ಸೆಂಟಿಮೀಟರು ಚೌಕದ ಒಂಬತ್ತು ತುಂಡುಗಳನ್ನು ಕತ್ತರಿಸಿರಿ. ಓವನ್ನನ್ನು ೧೮೦ ಡಿಗ್ರಿಗೆ ಹೊಂದಿಸಿ, ಮೇಲಿನ ಹಾಗೂ ಕೆಳಗಿನ ದಂಡಗಳೆರಡನ್ನೂ ಹಚ್ಚಿ, ಇಪ್ಪತ್ತು ನಿಮಿಷ ಬರಿದಾಗಿ ಕಾಯಲು ಬಿಡಿರಿ. ಬಳಿಕ ಜಾಲರಿಯ ಮೇಲೆ ಮೂರು ಸಾಲು, ಸಾಲಿಗೆ ಮೂರರಂತೆ ತುಂಡುಗಳನ್ನು ನೇರವಾಗಿ ಇಡಿರಿ. ತುಂಡುಗಳ ನಡುವೆ ಎಡೆ ಇರಲಿ. ಎಡೆಯಿಲ್ಲದಿದ್ದರೆ ಗಾಳಿಯ ಹಾದಿಗೆ ಅವೇ ತಡೆಯಾಗುವುವು. ಹತ್ತು ನಿಮಿಷಗಳ ತನಕ ಬಾಗಿಲನ್ನು ತೆರೆಯಬಾರದು.

ಆಮೇಲೆ ತುಂಡುಗಳನ್ನು ಇದ್ದ ಕ್ರಮದಲ್ಲಿಯೇ ತೆಗೆದು, ಒಂಬತ್ತು ಮನೆಗಳ ಚಿತ್ರವೊಂದನ್ನು ಬರೆದ ಕಾಗದದ ಮೇಲೆ ಇಡಿರಿ. ಪ್ರತಿಯೊಂದಕ್ಕೂ ಬಣ್ಣಕ್ಕೆ ತಕ್ಕಂತೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡಿರಿ: ಬಿಳಿಯದಕ್ಕೆ ಸೊನ್ನೆ, ಕರಿದಾದುದಕ್ಕೆ ಐದು. ಮೇಲ್ಮುಖಕ್ಕೆ ಒಂದು ಅಂಕ, ಕೆಳಮುಖಕ್ಕೆ ಇನ್ನೊಂದು. ಏಕೆಂದರೆ ಮೇಲ್ಮುಖವು ಮುಖ್ಯವಾಗಿ ಮೇಲಿನ ದಂಡಗಳ ಕಥೆಯನ್ನೂ, ಕೆಳಮುಖವು ಕೆಳಗಿನ ದಂಡಗಳ ಕಥೆಯನ್ನೂ ಹೇಳುವುದು. ಹೀಗೆ ಒಂಬತ್ತು ತುಂಡುಗಳಿಂದ ಹದಿನೆಂಟು ಸಂಗತಿಗಳು ದೊರೆತುವು. ನಿಮ್ಮ ಓವನ್ನಿನ ಉಷ್ಣತೆಯ ಭೂಪಟವು ಸಿದ್ಧವಾಯಿತು.

ಕ್ಯೂರಿಯ ಸೂತ್ರ

ಭೂಪಟವನ್ನು ಓದುವ ಮುನ್ನ ಒಂದು ಸೂತ್ರವನ್ನು ನೆನೆಯಬೇಕು. ಮುಂದೆ ೧೮೯೮ರಲ್ಲಿ ಪತ್ನಿ ಮರೀ ಕ್ಯೂರಿಯೊಡನೆ ರೇಡಿಯಮ್ಮನ್ನು ಕಂಡುಹಿಡಿದ ಪಿಯೇರ್ ಕ್ಯೂರಿ, ೧೮೯೪ರಲ್ಲಿ ಸಮಮಿತಿಯನ್ನು ಕುರಿತು ಬರೆಯುತ್ತ ಒಂದು ಮಾತನ್ನು ಸ್ಪಷ್ಟಪಡಿಸಿದನು: ಪರಿಣಾಮದಲ್ಲಿ ಯಾವುದಾದರೊಂದು ಅಸಮತೆ ಕಂಡುಬಂದರೆ, ಆ ಅಸಮತೆಯು ಕಾರಣದಲ್ಲಿಯೂ ಇದ್ದೇ ಇರಬೇಕು. ಸ್ಫಟಿಕಗಳಿಗಾಗಿ ಹೇಳಿದ ಈ ಮಾತು ನಮ್ಮ ಕೇಕಿಗೂ ಒಪ್ಪುವುದು. ಎಡಗಡೆ ಮಾತ್ರ ಕಪ್ಪಾಗಿದ್ದರೆ, ಎಡಕ್ಕೂ ಬಲಕ್ಕೂ ಭೇದವನ್ನು ಮಾಡಬಲ್ಲ ಕಾರಣವನ್ನೇ ಹುಡುಕಬೇಕು. ಹಿಟ್ಟಿಗೆ ಸಕ್ಕರೆ ಹೆಚ್ಚಾಯಿತೆಂಬುದು ಅಂಥ ಕಾರಣವಾಗಲಾರದು. ಸಕ್ಕರೆಯು ಎಡಬಲಗಳನ್ನು ಅರಿಯದು. ಚೆನ್ನಾಗಿ ಕಲಸಿದ ಹಿಟ್ಟು ಎಲ್ಲ ಕಡೆಗೂ ಒಂದೇ. ಹೀಗಾಗಿ "ಕೈಗುಣ"ದ ಆರೋಪವು ಮೊದಲನೆಯ ಹೆಜ್ಜೆಯಲ್ಲಿಯೇ ಬಿದ್ದುಹೋಯಿತು.

ಎಡಬಲಗಳ ಭೇದವು ಮೂರು ಕಡೆಗಳಲ್ಲಿ ಅಡಗಿರಬಹುದು: ತಟ್ಟೆಯಲ್ಲಿ, ಓವನ್ನಿನಲ್ಲಿ, ಇಲ್ಲವೆ ಓವನ್ ಇರುವ ಕೋಣೆಯಲ್ಲಿ. ಇವನ್ನು ಬೇರ್ಪಡಿಸಲು ಯಾವ ಉಪಕರಣವೂ ಬೇಡ. ತಿರುಗಿಸಿ ನೋಡಿದರೆ ಸಾಕು.

ತಟ್ಟೆಯನ್ನು ಅರ್ಧಸುತ್ತು ತಿರುಗಿಸಿಟ್ಟು ಇನ್ನೊಮ್ಮೆ ಬೇಯಿಸಿರಿ. ಕಪ್ಪುಭಾಗವು ತಟ್ಟೆಯೊಡನೆ ತಿರುಗಿ ಬಲಕ್ಕೆ ಬಂದರೆ ದೋಷವು ತಟ್ಟೆಯದು. ಅದು ಒಂದು ಬದಿಗೆ ಸೊಟ್ಟಾಗಿರಬಹುದು, ತೆಳುವಾಗಿರಬಹುದು, ಕಲೆ ಹಿಡಿದಿರಬಹುದು. ಕಪ್ಪು ಎಡದಲ್ಲಿಯೇ ಉಳಿದರೆ ತಟ್ಟೆಯು ನಿರ್ದೋಷಿ. ಆಗ ಓವನ್ನು ತಣಿದ ಮೇಲೆ ಅದನ್ನೇ ಮೇಜಿನ ಮೇಲೆ ಅರ್ಧಸುತ್ತು ತಿರುಗಿಸಿಟ್ಟು ಪರೀಕ್ಷಿಸಿರಿ. ಕಪ್ಪು ಓವನ್ನಿನೊಡನೆ ತಿರುಗಿದರೆ ದೋಷವು ಅದರ ಒಳಗಿನದು. ಕಪ್ಪು ಕೋಣೆಯ ಅದೇ ದಿಕ್ಕಿನಲ್ಲಿ ನಿಂತರೆ ದೋಷವು ಹೊರಗಿನದು: ಮೇಜು ವಾಲಿರಬಹುದು, ಇಲ್ಲವೆ ಕಿಟಕಿಯ ಗಾಳಿಯು ಒಂದು ಬದಿಯನ್ನು ತಣಿಸುತ್ತಿರಬಹುದು. ವಾಲಿದ ಮೇಜಿನಲ್ಲಿ ಹಿಟ್ಟು ತಗ್ಗಿನ ಕಡೆಗೆ ಹರಿದು, ಎತ್ತರದ ಬದಿಯಲ್ಲಿ ತೆಳುವಾಗಿ, ಆ ಬದಿಯು ಬೇಗ ಕರಿಯುವುದು. ಒಂದು ಅಗಲವಾದ ತಟ್ಟೆಯಲ್ಲಿ ನೀರು ಹೊಯ್ದು ಓವನ್ನಿನ ಜಾಲರಿಯ ಮೇಲೆ ಇಟ್ಟರೆ ವಾಲಿಕೆಯು ಕೂಡಲೇ ಕಣ್ಣಿಗೆ ಬೀಳುವುದು. ಸೆಗಣಿ ಸಾರಿಸಿದ ನೆಲವಾಗಲಿ, ಕೆಂಪುಗಾರೆಯ ನೆಲವಾಗಲಿ, ಹಳೆಯ ಮನೆಗಳಲ್ಲಿ ಸಮತಟ್ಟಾಗಿರುವುದು ಅಪರೂಪ.

ಭೂಪಟವನ್ನು ಓದುವ ಬಗೆ

ದೋಷವು ಓವನ್ನಿನದೇ ಎಂದು ಖಚಿತವಾದ ಮೇಲೆ ರೊಟ್ಟಿಯ ಅಂಕಗಳನ್ನು ನೋಡಬೇಕು.

ಎಲ್ಲ ತುಂಡುಗಳ ಮೇಲ್ಮುಖ ಕಂದಾಗಿದ್ದು ಕೆಳಮುಖ ಬಿಳಿಯಾಗಿದ್ದರೆ ಕೆಳಗಿನ ದಂಡಗಳು ಕೆಲಸಮಾಡುತ್ತಿಲ್ಲ. ಮೊದಲು ಆಯ್ಕೆಯ ಗುಂಡಿಯನ್ನು ನೋಡಿರಿ; ಅದು ಮೇಲಿನ ದಂಡಗಳಿಗೆ ಮಾತ್ರ ತಿರುಗಿದ್ದಿರಬಹುದು. ಗುಂಡಿ ಸರಿಯಾಗಿದ್ದರೆ ಕೋಣೆಯನ್ನು ಕತ್ತಲೆಮಾಡಿ, ಓವನ್ನನ್ನು ಗರಿಷ್ಠ ಉಷ್ಣತೆಗೆ ಹೊಂದಿಸಿ, ಗಾಜಿನ ಮೂಲಕ ನೋಡಿರಿ. ಸುಸ್ಥಿತಿಯ ದಂಡಗಳು ಕೆಲವು ನಿಮಿಷಗಳಲ್ಲಿ ಮಂದವಾದ ಕೆಂಪನ್ನು ತೋರುವುವು. ಒಳಗಿನ ತಂತಿ ಕಡಿದ ದಂಡವು ಕಪ್ಪಾಗಿಯೇ ಇರುವುದು. ಜೋಡಿ ದಂಡಗಳನ್ನು ಸರಣಿಯಲ್ಲಿ ಸೇರಿಸಿದ್ದರೆ ಒಂದು ಕಡಿದಾಗ ಎರಡೂ ಆರುವುವು. ಸಮಾಂತರವಾಗಿ ಸೇರಿಸಿದ್ದರೆ ಒಂದು ಮಾತ್ರ ಆರುವುದು. ಎರಡನೆಯ ಸಂದರ್ಭದಲ್ಲಿ ಎದುರುಸಾಲೋ ಹಿಂದಿನ ಸಾಲೋ ಬಿಳಿಚುವುದು. ಶಾಲೆಯಲ್ಲಿ ಓದಿದ ಸರಣಿ–ಸಮಾಂತರ ಜೋಡಣೆಗಳು ಇಲ್ಲಿ ರೊಟ್ಟಿಯ ಮೇಲೆ ಬರೆದುಕೊಳ್ಳುವುವು.

ಎದುರುಸಾಲು ಎರಡು ಮುಖಗಳಲ್ಲೂ ಬಿಳಿಚಿ, ಹಿಂದಿನ ಸಾಲು ಕಂದಾಗಿದ್ದರೆ ಬಾಗಿಲನ್ನು ಶಂಕಿಸಬೇಕು. ಗಾಜಿನ ಮೂಲಕ ಸ್ವಲ್ಪ ಶಾಖವು ಯಾವಾಗಲೂ ಸೋರುವುದು. ಬಾಗಿಲಿನ ಕೀಲು ಸಡಿಲವಾಗಿದ್ದರೆ ಬಿಸಿಗಾಳಿಯೂ ಸೋರುವುದು. ತಣ್ಣಗಿರುವ ಓವನ್ನಿನ ಒಳಗೆ ಒಂದು ಸಣ್ಣ ಟಾರ್ಚನ್ನು ಬೆಳಗಿಸಿಟ್ಟು, ಬಾಗಿಲು ಮುಚ್ಚಿ, ಕತ್ತಲೆಯಲ್ಲಿ ಅಂಚನ್ನು ನೋಡಿದರೆ ಬೆಳಕು ಸೋರುವ ಕಡೆಯೇ ಗಾಳಿ ಸೋರುವ ಕಡೆಯೆಂದು ತಿಳಿಯುವುದು. ಟಾರ್ಚನ್ನು ಹೊರತೆಗೆಯಲು ಮರೆಯಬಾರದು.

ಅಂಕಗಳು ಒಂಬತ್ತು ಮನೆಗಳಲ್ಲಿಯೂ ಒಂದೇ ತೆರನಾಗಿದ್ದು ಕೇಕು ಮಾತ್ರ ಅಂಚಿನಲ್ಲಿ ಕರಿದು ನಡುವೆ ಹಸಿಯಾದರೆ ಓವನ್ನಿಗೆ ದೋಷವಿಲ್ಲ. ಇಲ್ಲಿ ಅಸಮತೆಯು ಹೊರಗೂ ಒಳಗೂ ಇರುವ ಭೇದ. ಅದರ ಕಾರಣವು ವಹನದ ನಿಧಾನಗತಿ. ತಟ್ಟೆಯು ಕಪ್ಪುಬಣ್ಣದ್ದಾಗಿದ್ದರೆ ವಿಕಿರಣವನ್ನು ಬಹುವಾಗಿ ಹೀರುವುದು. ಹೊಳೆಯುವ ಅಲ್ಯೂಮಿನಿಯಂ ಅದರ ಬಹುಭಾಗವನ್ನು ಹಿಂದಕ್ಕೆ ತಳ್ಳುವುದು. ಕಪ್ಪು ತಟ್ಟೆಗೆ ಉಷ್ಣತೆಯನ್ನು ಹತ್ತು ಹದಿನೈದು ಡಿಗ್ರಿ ತಗ್ಗಿಸಿ, ಕಾಲವನ್ನು ತುಸು ಹೆಚ್ಚಿಸಬೇಕು. ಇಲ್ಲವೆ ಹಿಟ್ಟನ್ನು ಎರಡು ತೆಳುವಾದ ತಟ್ಟೆಗಳಿಗೆ ಹಂಚಬೇಕು. ಜಾಲರಿಯ ಮೇಲೆಲ್ಲ ಅಲ್ಯೂಮಿನಿಯಂ ಹಾಳೆಯನ್ನು ಹಾಸುವ ಅಭ್ಯಾಸವಿದ್ದರೆ ಅದನ್ನು ಬಿಡಬೇಕು. ಆ ಹಾಳೆಯು ಕೆಳಗಿನ ವಿಕಿರಣವನ್ನೂ ಗಾಳಿಯ ಸುತ್ತಾಟವನ್ನೂ ಒಟ್ಟಿಗೆ ತಡೆಯುವುದು.

ತೋಟದ ಕೊನೆಯ ಮನೆ

ಎಲ್ಲ ತುಂಡುಗಳೂ ಸಮನಾಗಿ ಬಿಳಿಚಿದ್ದರೆ? ಆಗ ಕಾರಣವೂ ಎಲ್ಲ ಕಡೆಗೂ ಸಮನಾಗಿ ತಟ್ಟುವಂಥದೇ ಇರಬೇಕು. ನಮ್ಮ ಸೀಮೆಯಲ್ಲಿ ಇಂಥ ಕಾರಣಗಳಲ್ಲಿ ಮುಖ್ಯವಾದುದು ವಿದ್ಯುತ್ತಿನ ವೋಲ್ಟೇಜು.

ಪುತ್ತೂರು, ಸುಳ್ಯ, ಕಡಬಗಳ ಹಳ್ಳಿಗಳಲ್ಲಿ ಮನೆಗಳು ಬಯಲುಸೀಮೆಯಂತೆ ಒತ್ತಾಗಿ ಇಲ್ಲ. ಅವರವರ ಅಡಕೆ ತೋಟದ ನಡುವೆ ಅವರವರ ಮನೆ. ಗುಡ್ಡವನ್ನು ಹತ್ತಿ, ಹೊಳೆಯನ್ನು ದಾಟಿ, ತಂತಿಯು ಬಹುದೂರ ಸಾಗಬೇಕಾಗುವುದು. ತಂತಿ ಉದ್ದವಾದಷ್ಟೂ ಅದರ ರೋಧ ಹೆಚ್ಚು. ಅದರಲ್ಲಿ ಹರಿಯುವ ಪ್ರವಾಹ ಹೆಚ್ಚಾದಷ್ಟೂ ಕೊನೆಯ ಮನೆಗೆ ಉಳಿಯುವ ವೋಲ್ಟೇಜು ಕಡಮೆ. ಬೇಸಗೆಯಲ್ಲಿ ತೋಟಗಳಿಗೆ ನೀರೆತ್ತುವ ಪಂಪುಗಳೆಲ್ಲ ಒಮ್ಮೆಲೇ ನಡೆಯುವಾಗ ಈ ಕುಸಿತವು ಎದ್ದುಕಾಣುವುದು.

ಕುಸಿತದ ಪರಿಣಾಮವನ್ನು ಲೆಕ್ಕಮಾಡಿ ನೋಡೋಣ. ೨೩೦ ವೋಲ್ಟಿನಲ್ಲಿ ೧,೫೦೦ ವಾಟ್ ಸಾಮರ್ಥ್ಯದ ಓವನ್ನಿನ ರೋಧವು ಸುಮಾರು ೩೫ ಓಮ್. ರೋಧವು ಬದಲಾಗದೆಂದು ಎಣಿಸಿದರೆ, ಸಾಮರ್ಥ್ಯವು ವೋಲ್ಟೇಜಿನ ವರ್ಗಕ್ಕೆ ಅನುಪಾತವಾಗಿರುವುದು. ೨೦೦ ವೋಲ್ಟಿನಲ್ಲಿ ಅದು ಸುಮಾರು ೧,೧೩೦ ವಾಟ್. ೧೮೦ ವೋಲ್ಟಿನಲ್ಲಿ ಸುಮಾರು ೯೨೦ ವಾಟ್ ಮಾತ್ರ. ವೋಲ್ಟೇಜು ಶೇಕಡಾ ೨೨ರಷ್ಟು ತಗ್ಗಿದರೆ ಶಾಖವು ಶೇಕಡಾ ೩೯ರಷ್ಟು ತಗ್ಗಿತು! ಓವನ್ನು ತಾನೇ ಸುಮಾರು ೬.೫ ಆಂಪಿಯರ್ ಪ್ರವಾಹವನ್ನು ಎಳೆಯುವುದರಿಂದ, ಸಾಲಿನ ರೋಧವು ಕೇವಲ ೨ ಓಮ್ ಇದ್ದರೂ ಅದೊಂದರಿಂದಲೇ ೧೨ ವೋಲ್ಟಿನಷ್ಟು ಕುಸಿಯುವುದು. ಹೀಗಾಗಿ ಓವನ್ನು ಹಚ್ಚಿದಾಗ ಮನೆಯ ಹಳೆಯ ತಂತುದೀಪವು ಮಂಕಾದರೆ ಅದು ಒಂದು ಸೂಚನೆಯೆಂದು ತಿಳಿಯಬೇಕು.

ಉಷ್ಣನಿಯಂತ್ರಕವು ಈ ಕೊರತೆಯನ್ನು ಒಂದಿಷ್ಟು ತುಂಬಿಕೊಡುವುದು. ಹೆಚ್ಚು ಹೊತ್ತು ವಿದ್ಯುತ್ತನ್ನು ಹರಿಯಬಿಟ್ಟು ಗಾಳಿಯನ್ನು ಬೇಕಾದ ಉಷ್ಣತೆಗೆ ತರುವುದು. ಆದರೆ ಓವನ್ನು ಕಾಯಲು ಹೆಚ್ಚು ಕಾಲ ಬೇಕು. ದಂಡಗಳು ಮಂಕಾಗಿರುವುದರಿಂದ ಮೇಲ್ಮೈಗೆ ಬಣ್ಣ ಬರುವುದೂ ತಡ. ಮಳೆಗಾಲದ ಶುಕ್ರವಾರ ಸರಿಯಾಗಿ ಬೆಂದ ಕೇಕು ಮಾರ್ಚಿಯ ಸಂಜೆ ಅದೇ ಕಾಲದಲ್ಲಿ ಬೇಯದಿದ್ದರೆ ಕೈಯನ್ನು ದೂರಬೇಕಾಗಿಲ್ಲ; ಪಂಪುಗಳು ನಿಂತ ಮೇಲೆ, ರಾತ್ರಿಯೋ ಮುಂಜಾನೆಯೋ ಬೇಯಿಸಿ ನೋಡಬೇಕು.

ನಿಯಂತ್ರಕವು ಹೇಳುವುದು ನಿಜವೇ?

ಸಮನಾಗಿ ಬಿಳಿಚುವುದಕ್ಕೂ ಸಮನಾಗಿ ಕರಿಯುವುದಕ್ಕೂ ಇನ್ನೊಂದು ಕಾರಣ ಉಷ್ಣನಿಯಂತ್ರಕವೇ. ಹಲವು ಓವನ್ನುಗಳಲ್ಲಿ ಇದು ದ್ರವ ತುಂಬಿದ ಒಂದು ಸಣ್ಣ ಬುರುಡೆ. ದ್ರವವು ಹಿಗ್ಗಿದಾಗ ಸಂಪರ್ಕವು ತಪ್ಪುವುದು, ಕುಗ್ಗಿದಾಗ ಕೂಡುವುದು. ಬುರುಡೆಯು ತಾನಿರುವ ಜಾಗದ ಉಷ್ಣತೆಯನ್ನು ಮಾತ್ರ ಅರಿಯುವುದು. ಕೇಕು ಇರುವ ನಡುಭಾಗದ ಉಷ್ಣತೆಯನ್ನಲ್ಲ. ಅಲ್ಲದೆ ತಪ್ಪುವುದಕ್ಕೂ ಕೂಡುವುದಕ್ಕೂ ನಡುವೆ ಹಲವು ಡಿಗ್ರಿಗಳ ಅಂತರವುಂಟು. ೧೮೦ಕ್ಕೆ ಹೊಂದಿಸಿದ ಓವನ್ನು ೧೬೫ಕ್ಕೂ ೧೯೫ಕ್ಕೂ ನಡುವೆ ತೂಗಾಡಿದರೆ ಅದು ರೋಗವಲ್ಲ. ನೋಡಬೇಕಾದುದು ಸರಾಸರಿಯನ್ನು.

ಅಂಗಡಿಯಲ್ಲಿ ದೊರೆಯುವ, ಲೋಹದ ಸುರುಳಿಯುಳ್ಳ ಓವನ್ ಉಷ್ಣಮಾಪಕವನ್ನು ಜಾಲರಿಯ ನಡುವೆ ಇಟ್ಟು, ಎರಡೆರಡು ನಿಮಿಷಕ್ಕೆ ಒಮ್ಮೆ ಅಂತೆ ಅರ್ಧ ಗಂಟೆಯವರೆಗೆ ಬರೆದುಕೊಂಡು, ನಕ್ಷೆಯನ್ನು ಎಳೆಯಿರಿ. ಪ್ರಯೋಗಶಾಲೆಯ ಪಾದರಸದ ಮಾಪಕವನ್ನು ಎಂದಿಗೂ ಓವನ್ನಿನಲ್ಲಿ ಇಡಬಾರದು. ೧೧೦ ಡಿಗ್ರಿಯವರೆಗಿನ ಮಾಪಕವು ೧೮೦ರಲ್ಲಿ ಒಡೆಯುವುದು. ಪಾದರಸದ ಆವಿ ವಿಷ. ದೂರದಿಂದ ಅಳೆಯುವ ಅವಕೆಂಪು ಮಾಪಕವಿದ್ದರೆ ಅದನ್ನು ಹೊಳೆಯುವ ಲೋಹಕ್ಕೆ ಗುರಿಯಿಡಬೇಡಿರಿ. ಹೊಳೆಯುವ ಮೈ ಕಡಮೆ ವಿಕಿರಣವನ್ನು ಸೂಸುವುದರಿಂದ ಮಾಪಕವು ಇರುವುದಕ್ಕಿಂತ ಕಡಮೆ ಉಷ್ಣತೆಯನ್ನು ತೋರುವುದು.

ಮಾಪಕವೇ ಇಲ್ಲದವರಿಗೆ ಸಕ್ಕರೆಯುಂಟು. ಸಕ್ಕರೆಯು ಸುಮಾರು ೧೮೬ ಡಿಗ್ರಿಯಲ್ಲಿ ಕರಗುವುದು. ಒಂದು ಚಮಚ ಸಕ್ಕರೆಯನ್ನು ಅಲ್ಯೂಮಿನಿಯಂ ಹಾಳೆಯ ಬಟ್ಟಲಿನಲ್ಲಿಟ್ಟು, ೧೭೫ಕ್ಕೆ ಹೊಂದಿಸಿ ಕಾಯಿಸಿದ ಓವನ್ನಿನಲ್ಲಿ ಕಾಲು ಗಂಟೆ ಬಿಡಿರಿ. ಕಾಳುಗಳು ಕಾಳುಗಳಾಗಿಯೇ ಉಳಿಯಬೇಕು. ಹೊಸ ಸಕ್ಕರೆಯನ್ನು ೧೯೦ರಲ್ಲಿ ಕಾಲು ಗಂಟೆ ಇಟ್ಟರೆ ಕರಗಬೇಕು. ೧೭೫ರಲ್ಲಿಯೇ ಕರಗಿದರೆ ಓವನ್ನು ಹೇಳುವುದಕ್ಕಿಂತ ಬಿಸಿ. ೧೯೦ರಲ್ಲಿಯೂ ಕರಗದಿದ್ದರೆ ಹೇಳುವುದಕ್ಕಿಂತ ತಂಪು. ಹೆಚ್ಚು ಹೊತ್ತು ಇಟ್ಟರೆ ಸಕ್ಕರೆಯು ಕರಗುವ ಉಷ್ಣತೆಗಿಂತ ಕೆಳಗೇ ವಿಭಜನೆಯಾಗತೊಡಗುವುದರಿಂದ ಕಾಲದ ಮಿತಿಯನ್ನು ಪಾಲಿಸಬೇಕು. ಭೇದವು ಎಷ್ಟೆಂದು ತಿಳಿದ ಮೇಲೆ ನಿಯಂತ್ರಕವನ್ನು ಕಳಚಬೇಕಾಗಿಲ್ಲ. ಅಷ್ಟು ಡಿಗ್ರಿಗಳನ್ನು ಕೂಡಿಸಿ ಇಲ್ಲವೆ ಕಳೆದು ಹೊಂದಿಸಿದರಾಯಿತು.

ಒಂದು ಹಂಚಿನ ನೆರವು

ಇನ್ನು ಕೆಲವು ಪರಿಹಾರಗಳು. ಓವನ್ನಿನ ದೀಪವು ಮೊದಲ ಬಾರಿ ಆರಿದಾಗ ಗಾಳಿ ಮಾತ್ರ ಕಾದಿರುವುದು, ಗೋಡೆಗಳು ಕಾದಿರುವುದಿಲ್ಲ. ಮೂವತ್ತು ಲೀಟರಿನ ಓವನ್ನಿನೊಳಗೆ ೨೦೦ ಡಿಗ್ರಿಯಲ್ಲಿ ಇರುವ ಗಾಳಿಯ ತೂಕ ಸುಮಾರು ೨೨ ಗ್ರಾಂ. ಅದರಲ್ಲಿ ಕೂಡಿಟ್ಟ ಶಾಖವು ಸುಮಾರು ೪ ಕಿಲೋಜೂಲ್. ಬಾಗಿಲನ್ನೊಮ್ಮೆ ತೆರೆದರೆ ಇದರ ಬಹುಭಾಗ ಹೊರಟುಹೋಗುವುದು. ಎರಡು ಕಿಲೋಗ್ರಾಂ ತೂಕದ ಮಣ್ಣಿನ ಹಂಚೊಂದನ್ನು ೩೦ರಿಂದ ೧೮೦ ಡಿಗ್ರಿಯವರೆಗೆ ಕಾಯಿಸಿದರೆ ಅದರಲ್ಲಿ ಸುಮಾರು ೨೫೦ ಕಿಲೋಜೂಲ್ ಶಾಖವು ಕೂಡುವುದು, ಗಾಳಿಯಲ್ಲಿರುವುದರ ಅರವತ್ತು ಪಾಲು! ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ಈ ಕೆಂಪು ಹಂಚು ನಮ್ಮ ನಾಡಿನ ತಲೆಯ ಮೇಲಿದೆ. ಬಣ್ಣ ಬಳಿಯದ, ಶುಚಿಯಾದ, ಚೆನ್ನಾಗಿ ಒಣಗಿದ ಹೊಸ ಹಂಚಿನ ತುಂಡನ್ನು ದಂಡಗಳಿಗೆ ತಾಗದಂತೆ ಕೆಳಗಿನ ಜಾಲರಿಯ ಮೇಲಿಟ್ಟು, ಓವನ್ನನ್ನು ಅರ್ಧ ಗಂಟೆ ನಿಧಾನವಾಗಿ ಕಾಯಿಸಿದರೆ, ಅದು ದಂಡಗಳ ತೀಕ್ಷ್ಣ ವಿಕಿರಣವನ್ನು ತಾನು ಹೀರಿ, ಮೃದುವಾಗಿ, ಎಲ್ಲ ಕಡೆಗೂ ಹಂಚುವುದು. ನಿಯಂತ್ರಕದ ತೂಗಾಟವೂ ತಗ್ಗುವುದು. ಒದ್ದೆ ಹಂಚನ್ನು ಇಡಬಾರದು. ಒಳಗಿನ ನೀರು ಆವಿಯಾಗಿ ಹಂಚು ಬಿರಿಯುವ ಭಯವುಂಟು.

ಒಂದು ಎಚ್ಚರಿಕೆ. ಓವನ್ನಿನ ಹೊದಿಕೆಯನ್ನು ಬಿಚ್ಚುವುದು ವಿದ್ಯಾರ್ಥಿಗಳ ಕೆಲಸವಲ್ಲ. ದಂಡವನ್ನು ಬದಲಿಸುವುದು ಬಲ್ಲವರಿಗೆ ಬಿಟ್ಟದ್ದು. ಮೂರು ಕಡ್ಡಿಗಳ ಬೆಣೆಯನ್ನು ಭೂಸಂಪರ್ಕವುಳ್ಳ ಗೂಡಿಗೇ ಸಿಕ್ಕಿಸಬೇಕು. ದಂಡದೊಳಗಿನ ಮೆಗ್ನೀಷಿಯಂ ಆಕ್ಸೈಡು ತೇವವನ್ನು ಹೀರುವ ಸ್ವಭಾವದ್ದು. ಆಟಿಯ ಮಳೆಯಲ್ಲಿ ಎರಡು ತಿಂಗಳು ಮೂಲೆಯಲ್ಲಿದ್ದ ಓವನ್ನನ್ನು ಹಚ್ಚಿದ ಕೂಡಲೇ ರಕ್ಷಕ ಸ್ವಿಚ್ಚು ಬಿದ್ದರೆ ಇದೇ ಕಾರಣವಿರಬಹುದು. ಮೈಮುಟ್ಟಿದಾಗ ಜುಮ್ಮೆಂದರೆ ಬೆಣೆಯನ್ನು ಕಿತ್ತು, ಬಲ್ಲವರಿಂದ ಪರೀಕ್ಷೆ ಮಾಡಿಸದೆ ಮತ್ತೆ ಹಚ್ಚಕೂಡದು.

ಸೂಕ್ಷ್ಮತರಂಗದ ಪೆಟ್ಟಿಗೆ

ಮೈಕ್ರೋವೇವ್ ಓವನ್ನಿನ ಅಸಮತೆಯು ಬೇರೆಯೇ ಜಾತಿಯದು. ೧೯೪೫ರಲ್ಲಿ ಅಮೆರಿಕದ ಪರ್ಸಿ ಸ್ಪೆನ್ಸರ್ ರೇಡಾರಿನ ಕೆಲಸದಲ್ಲಿದ್ದಾಗ ಈ ತರಂಗಗಳಿಂದ ಆಹಾರವನ್ನು ಬಿಸಿಮಾಡಬಹುದೆಂಬುದನ್ನು ಕಂಡುಕೊಂಡನು. ಇದರಲ್ಲಿ ತರಂಗಗಳು ಗೋಡೆಗಳಿಂದ ಪ್ರತಿಫಲಿಸಿ, ಒಂದರ ಮೇಲೊಂದು ಬಿದ್ದು, ಸ್ಥಾಯಿತರಂಗಗಳಾಗುವುವು. ವೀಣೆಯ ತಂತಿಯಲ್ಲಿ ಇರುವಂತೆಯೇ ಇಲ್ಲಿಯೂ ಅಲುಗದ ಬಿಂದುಗಳೂ ಬಹಳವಾಗಿ ಅಲುಗುವ ಬಿಂದುಗಳೂ ಉಂಟು. ಬಿಸಿಯ ಚುಕ್ಕೆಗಳಿಗೆ ಕಾರಣ ಇದೇ. ತಟ್ಟೆಯನ್ನು ತಿರುಗಿಸುವುದೂ ಇದಕ್ಕಾಗಿಯೇ.

ತಿರುಗುವ ತಟ್ಟೆಯನ್ನು ತೆಗೆದು, ಒಂದು ಚಪ್ಪಟೆಯಾದ ಪಿಂಗಾಣಿ ತಟ್ಟೆಯಲ್ಲಿ ಚಾಕೊಲೇಟಿನ ಹಲಗೆಯನ್ನು ಇಡಿರಿ. ೧೯೮೬ರಿಂದ ಪುತ್ತೂರಿನಲ್ಲಿಯೇ ಕ್ಯಾಂಪ್ಕೊ ಸಂಸ್ಥೆಯ ಚಾಕೊಲೇಟ್ ಕಾರ್ಖಾನೆ ಇರುವುದರಿಂದ ಈ ಪ್ರಯೋಗಕ್ಕೆ ಸಾಮಗ್ರಿಯು ಊರಿನದೇ ಆಗಬಹುದು. ಹದಿನೈದು ಇಪ್ಪತ್ತು ಸೆಕೆಂಡು ಬಿಸಿಮಾಡಿ ನಿಲ್ಲಿಸಿರಿ. ಕೋಕೋ ಬೆಣ್ಣೆಯು ಸುಮಾರು ೩೪ ಡಿಗ್ರಿಯಲ್ಲಿ ಕರಗುವುದರಿಂದ ಬಿಸಿಯ ಚುಕ್ಕೆಗಳು ಬೇಗ ತೋರುವುವು. ನೆರೆಯ ಎರಡು ಚುಕ್ಕೆಗಳ ದೂರವು ಸುಮಾರು ಅರ್ಧ ತರಂಗಾಂತರ. ಅದು ೬ ಸೆಂಟಿಮೀಟರು ಬಂದರೆ ತರಂಗಾಂತರ ೧೨ ಸೆಂಟಿಮೀಟರು. ಓವನ್ನಿನ ಬೆನ್ನಿನ ಮೇಲೆ ಆವೃತ್ತಿಯು ೨,೪೫೦ ಮೆಗಾಹರ್ಟ್ಸ್ ಎಂದು ಬರೆದಿರುವುದು; ಎಂದರೆ ಸೆಕೆಂಡಿಗೆ ೨೪೫ ಕೋಟಿ ಬಾರಿ. ಎರಡನ್ನೂ ಗುಣಿಸಿದರೆ ಸೆಕೆಂಡಿಗೆ ೨೯ ಕೋಟಿ ೪೦ ಲಕ್ಷ ಮೀಟರು. ಇದು ಬೆಳಕಿನ ವೇಗವಲ್ಲದೆ ಬೇರೆಯಲ್ಲ! ಅದರ ನಿಜವಾದ ಬೆಲೆ ೨೯ ಕೋಟಿ ೯೭ ಲಕ್ಷ ೯೨ ಸಾವಿರದ ೪೫೮ ಮೀಟರು. ಪೆಟ್ಟಿಗೆಯೊಳಗೆ ತರಂಗಗಳು ಮೂರು ದಿಕ್ಕುಗಳಲ್ಲಿಯೂ ಬೆರೆಯುವುದರಿಂದ ಚುಕ್ಕೆಗಳು ಯಾವಾಗಲೂ ಇಷ್ಟು ಅಚ್ಚುಕಟ್ಟಾಗಿ ಬೀಳವು. ಹಲವು ಬಾರಿ ಅಳೆದು ಸರಾಸರಿ ತೆಗೆಯಬೇಕು. ಈ ಪೆಟ್ಟಿಗೆಯನ್ನು ಬರಿದಾಗಿ ಓಡಿಸಕೂಡದು, ಹೊದಿಕೆಯನ್ನಂತೂ ಎಂದಿಗೂ ಬಿಚ್ಚಕೂಡದು. ಬೆಣೆ ಕಿತ್ತ ಮೇಲೂ ಅದರೊಳಗೆ ಪ್ರಾಣಾಪಾಯಕರವಾದ ವಿದ್ಯುದಂಶವು ಉಳಿದಿರಬಹುದು.

ಅಡುಗೆಮನೆಯ ಆಚೆಗೆ

ಒಂಬತ್ತು ಮನೆಗಳ ಭೂಪಟವು ಓವನ್ನಿಗೆ ಮಾತ್ರ ಮೀಸಲಲ್ಲ. ಸುಳ್ಯ, ಕಡಬಗಳ ರಬ್ಬರ್ ಬೆಳೆಗಾರರು ಹಾಳೆಗಳನ್ನು ಹೊಗೆಮನೆಯಲ್ಲಿ ಸುಮಾರು ೫೦–೬೦ ಡಿಗ್ರಿಯ ಬಿಸಿಯಲ್ಲಿ ಒಣಗಿಸುವರು. ಬೆಂಕಿಗೆ ಹತ್ತಿರದ ಹಾಳೆ ಗುಳ್ಳೆಯೇಳುವುದು, ಮೂಲೆಯ ಹಾಳೆ ಒಣಗದೆ ಬೂಷ್ಟು ಹಿಡಿಯುವುದು. ಎರಡರಿಂದಲೂ ದರ್ಜೆ ಇಳಿದು ಬೆಲೆ ತಗ್ಗುವುದು. ಕೊಬ್ಬರಿಯ ಒಣಗೂಡಿನಲ್ಲಿಯೂ ಇದೇ ಕಥೆ. ಅಲ್ಲಿಯೂ ಅಂಗಳದ ಚಿತ್ರ ಬರೆದು, ಮನೆಗಳಾಗಿ ವಿಂಗಡಿಸಿ, ಒಂದೊಂದರಲ್ಲಿ ಒಣಗಿದ ಬಗೆಗೆ ಅಂಕ ಕೊಟ್ಟು, ಗಾಳಿಕಂಡಿಯನ್ನೋ ಬೆಂಕಿಯ ಜಾಗವನ್ನೋ ಒಂದೊಂದಾಗಿ ಬದಲಿಸಿ ನೋಡಿದರೆ ಕಾರಣವು ಹೊರಬೀಳುವುದು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು.

ವಾಚಕರಲ್ಲಿ ವಿದ್ಯಾರ್ಥಿಗಳಾದವರು ಬರುವ ಭಾನುವಾರ ತಮ್ಮ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಈ ಭೂಪಟವನ್ನು ಬರೆಯಲಿ. ಪ್ರಯೋಗಕ್ಕೆ ತಗಲುವುದು ಒಂದು ಕಟ್ಟು ರೊಟ್ಟಿಯ ಬೆಲೆ. ದೊರೆಯುವುದು, ಕೊಳ್ಳಬೇಕಾಗಿದ್ದ ಹೊಸ ಓವನ್ನಿನ ಉಳಿತಾಯವಿರಬಹುದು. ಇಲ್ಲವೆ, ಇಷ್ಟು ದಿನ ಕೈಗುಣದ ದೂರನ್ನು ಕೇಳುತ್ತ ಬಂದ ತಾಯಿಯೋ ಅಕ್ಕನೋ ಒಲೆಯ ಮುಂದೆ ನಿಶ್ಚಿಂತೆಯಿಂದ ನಿಲ್ಲುವಂತಾಗಬಹುದು. ಕಾಗದದ ಮೇಲಿನ ಒಂಬತ್ತು ಅಂಕಗಳನ್ನು ಅವರ ಮುಂದೆ ಇಟ್ಟು, ಎಡಗಡೆಯ ದಂಡವನ್ನೋ ವಾಲಿದ ಮೇಜನ್ನೋ 'ಇದೋ ಕಾರಣ' ಎಂದು ತೋರಿಸಿಕೊಡುವುದು ಯಾವ ಪರೀಕ್ಷೆಯ ಅಂಕಗಳಿಗೂ ಕಡಮೆಯದಲ್ಲ.